ಬೈಲಿಗೆ ಬಂದ ಹೊಸ ಮನೆ

ಕರಾವಳಿಯಲ್ಲಿ ಜಾಗ ತೋರಿಸುವವರು ರಸ್ತೆ, ಬಾವಿ, ಕರೆಂಟು ಎಲ್ಲ ಹೇಳಿ ಮುಗಿಸಿದ ಮೇಲೆ ಒಂದು ಮಾತು ಸೇರಿಸುತ್ತಾರೆ: ‘ಎದುರಿಗೆ ಪೂರಾ ಗದ್ದೆ.’ ಕೊನೆಗೆ ಬಂದರೂ ವ್ಯಾಪಾರ ಕುದುರಿಸುವುದು ಆ ಮಾತೇ. ಬೆಂಗಳೂರು, ಮುಂಬೈ, ದುಬೈಗಳಲ್ಲಿ ಇಪ್ಪತ್ತು ಮೂವತ್ತು ವರ್ಷ ದುಡಿದವರು ಬ್ರಹ್ಮಾವರ, ಕೋಟ, ಕುಂದಾಪುರ, ಕಾರ್ಕಳದ ಸುತ್ತ ಹತ್ತು ಹದಿನೈದು ಸೆಂಟ್ಸ್ ಜಾಗ ಹುಡುಕುವಾಗ ಅವರ ಕಣ್ಣಮುಂದೆ ಇರುವುದು ಜಗಲಿಯ ಎದುರಿನ ಆ ಹಸಿರು. ನಾನೂ ಹಾಗೆ ಹೊರಗಿನಿಂದ ಬಂದು ಇಲ್ಲಿ ನೆಲೆಸಿದವರ ಪೈಕಿ. ಆ ಆಸೆಯಲ್ಲಿ ತಪ್ಪೇನೂ ಇಲ್ಲ. ಆಷಾಢದ ಮಳೆಯಲ್ಲಿ ಭತ್ತದ ನೇಜಿ ನೆಟ್ಟು ಮುಗಿದ ಬೈಲನ್ನು ದಿನವೂ ನೋಡುತ್ತ ಬದುಕುವುದು ದೊಡ್ಡ ಭಾಗ್ಯ.

ಆದರೆ ಆ ಭಾಗ್ಯಕ್ಕೆ ಕ್ರಯಪತ್ರದಲ್ಲಿ ಬೆಲೆ ಬರೆದಿರುವುದಿಲ್ಲ. ನಾವು ದುಡ್ಡು ಕೊಟ್ಟದ್ದು ನಮ್ಮ ಸರ್ವೆ ನಂಬರಿನ ನೆಲಕ್ಕೆ. ಎದುರಿನ ಗದ್ದೆ ಬೇರೊಬ್ಬರದು, ಅದನ್ನು ಹಸಿರಾಗಿ ಇಡುವ ದುಡಿಮೆ ಅವರದು, ಅದರೊಳಗೆ ನಿಲ್ಲುವ ನೀರು ಇಡೀ ಬೈಲಿನದು. ಬೈಲಿನಲ್ಲಿ ಮನೆ ಕಟ್ಟಿದವರು ಉತ್ತರೂ ಉಳದಿದ್ದರೂ ಆ ನೀರಿನ ಏರ್ಪಾಟಿಗೆ ಪಾಲುದಾರರಾಗಿಬಿಡುತ್ತಾರೆ. ಪಾಲುದಾರರಿಗೆ ಇರಬೇಕಾದ ಹೊಣೆ ಅವರಿಗೂ ಇದೆ, ಅದರಲ್ಲಿ ದುಡ್ಡು ಬಿಚ್ಚುವ ಹೊಣೆಯೂ ಸೇರಿದೆ ಎನ್ನುವುದು ನನ್ನ ವಾದ.

ಇಲ್ಲಿಯ ಭೂಮಿ ಹೇಗಿದೆ ಎಂದು ಮೊದಲು ನೋಡಬೇಕು. ಉಡುಪಿ, ದಕ್ಷಿಣ ಕನ್ನಡದಲ್ಲಿ ಭತ್ತದ ನೆಲವನ್ನು ಎತ್ತರಕ್ಕೆ ತಕ್ಕಂತೆ ಮೂರು ಬಗೆಯಾಗಿ ಗುರುತಿಸುತ್ತಾರೆ. ಎಲ್ಲಕ್ಕಿಂತ ಮೇಲಿರುವುದು ಬೆಟ್ಟು. ಅಲ್ಲಿ ಮಳೆಗಾಲದ ಒಂದೇ ಬೆಳೆ. ನಡುವಿನದು ಮಜಲು, ಎರಡು ಬೆಳೆಯ ನೆಲ. ತೀರ ತಗ್ಗಿನದು ಬೈಲು. ಅಲ್ಲಿ ಮಳೆಗಾಲದ ಏಣೆಲು, ಅದಾದ ಮೇಲೆ ಸುಗ್ಗಿ, ನೀರಿದ್ದರೆ ಕೊನೆಗೆ ಕೊಳಕೆ, ಹೀಗೆ ಮೂರು ಬೆಳೆ. ವರ್ಷಕ್ಕೆ ಹತ್ತಿರಹತ್ತಿರ 4,000 ಮಿಲಿಮೀಟರ್ ಮಳೆ ಸುರಿಯುವ ಈ ಪಟ್ಟಿಯಲ್ಲಿ ನೀರು ಬೆಟ್ಟಿನಿಂದ ಮಜಲಿಗೆ, ಮಜಲಿನಿಂದ ಬೈಲಿಗೆ, ಬೈಲಿನಿಂದ ತೋಡಿಗೆ, ತೋಡಿನಿಂದ ಹೊಳೆಗೆ ಇಳಿಯುತ್ತದೆ. ಇಳಿಯುವ ಪ್ರತಿ ಮೆಟ್ಟಿಲಿನಲ್ಲೂ ಒಂದು ಅಂಚು ಅದನ್ನು ತಡೆದು ನಿಲ್ಲಿಸುತ್ತದೆ, ಆ ಅಂಚಿನಲ್ಲಿ ಕೊರೆದ ಒಂದು ಕಂಡಿ ಅದನ್ನು ಮುಂದಕ್ಕೆ ಬಿಡುತ್ತದೆ. ಗುದ್ದಲಿಯಲ್ಲಿ ಒಂದು ಹಿಡಿ ಕೆಸರು ತೆಗೆದರೆ ಕಂಡಿ ತೆರೆಯಿತು, ಒಂದು ಹಿಡಿ ಇಟ್ಟರೆ ಮುಚ್ಚಿತು. ಯಾವ ದಿನ ಯಾರ ಗದ್ದೆಯ ಕಂಡಿ ತೆರೆಯಬೇಕು, ಗೊಬ್ಬರ ಹಾಕಿದ ಮೇಲೆ ಎಷ್ಟು ದಿನ ನೀರು ಕಟ್ಟಬೇಕು, ಕೆಳಗಿನವರ ನೇಜಿ ಮುಳುಗದಂತೆ ಮೇಲಿನವರು ಯಾವಾಗ ಬಿಡಬೇಕು ಎನ್ನುವುದು ಯಾವ ಕಾಗದದಲ್ಲೂ ಇಲ್ಲ. ಅದು ಆ ಬೈಲಿನವರ ನೆನಪಿನಲ್ಲಿದೆ, ಆಗಾಗ ಅವರ ಜಗಳದಲ್ಲೂ ಇದೆ. ಪಹಣಿಯಲ್ಲಿ ಎಕರೆ, ಸೆಂಟ್ಸ್, ಒಡೆಯನ ಹೆಸರು ಸಿಗುತ್ತದೆ; ಕಂಡಿ ಸಿಗುವುದಿಲ್ಲ. ಹೊಸಬ ಕೊಳ್ಳುವ ಮುಂಚೆ ವಕೀಲರಿಗೆ ತೋರಿಸುವುದು ಪಹಣಿಯನ್ನು.

ಒಂದು ಎಕರೆ ಗದ್ದೆಯಲ್ಲಿ ಒಂದೇ ಒಂದು ಇಂಚು ನೀರು ನಿಂತರೆ ಅದು ಒಂದು ಲಕ್ಷ ಲೀಟರಿಗೂ ಸ್ವಲ್ಪ ಹೆಚ್ಚು. ಹತ್ತು ಎಕರೆಯ ಚಿಕ್ಕ ಬೈಲು ನಾಲ್ಕು ಇಂಚು ನೀರು ಹಿಡಿದರೆ ನಲವತ್ತು ಲಕ್ಷ ಲೀಟರು. ಜುಲೈ ತಿಂಗಳ ಒಂದು ರಾತ್ರಿಯ ಮಳೆಯಲ್ಲಿ ಅಷ್ಟು ನೀರು ಒಮ್ಮೆಗೇ ತೋಡಿಗೆ ನುಗ್ಗದೆ ಅಂಚುಗಳ ನಡುವೆ ತಡೆದು ನಿಂತು, ಒಂದು ಪಾಲು ನೆಲಕ್ಕೆ ಇಂಗಿ, ಉಳಿದದ್ದು ನಿಧಾನವಾಗಿ ಇಳಿಯುತ್ತದೆ. ಕೆಳಗಿನ ಊರಿನ ರಸ್ತೆ ಮುಳುಗದಿರುವುದಕ್ಕೆ ಇದೊಂದು ಕಾರಣ. ಮಾರ್ಚ್ ತಿಂಗಳಲ್ಲಿ ಬಾವಿಯ ತಳ ಕಾಣದಿರುವುದಕ್ಕೂ ಇದೊಂದು ಕಾರಣ. ಗದ್ದೆಯ ಬದಿಯ ಬಾವಿಗೆ ನೀರು ಬರುವುದು ಆ ಗದ್ದೆಯ ಕೆಸರಿನಿಂದ ಇಳಿದ ಮಳೆಯಿಂದ. ಉಳುಮೆ ನಿಂತು ಅಂಚು ಒಡೆದು ನೀರು ಹಿಡಿಯದೆ ಹೋದ ಬೈಲುಗಳ ಸುತ್ತ ಬೇಸಿಗೆಯ ಬಾವಿಗಳು ಮೊದಲಿಗಿಂತ ಬೇಗ ಆರುತ್ತವೆ ಎನ್ನುವುದನ್ನು ಇಲ್ಲಿಯ ಹಿರಿಯರು ಯಾರ ಅಧ್ಯಯನಕ್ಕೂ ಕಾಯದೆ ಹೇಳುತ್ತಾರೆ. ನಾವು ಜಗಲಿಯಲ್ಲಿ ಕೂತು ನೋಡುವ ಹಸಿರು ನಮ್ಮ ಅಡುಗೆಮನೆಯ ನಲ್ಲಿಯವರೆಗೆ ಬಂದಿದೆ.

ಈ ಏರ್ಪಾಟಿನೊಳಗೆ ಹೊಸ ಮನೆ ಬಂದು ಕೂರುವ ಬಗೆ ಸಾಮಾನ್ಯವಾಗಿ ಒಂದೇ. ಮೊದಲು ಟಿಪ್ಪರುಗಳಲ್ಲಿ ಕೆಂಪು ಮಣ್ಣು ಬರುತ್ತದೆ. ಗದ್ದೆಯನ್ನು ರಸ್ತೆಯ ಮಟ್ಟಕ್ಕೆ, ಕೆಲವರು ರಸ್ತೆಗಿಂತ ಎರಡು ಅಡಿ ಮೇಲಕ್ಕೆ ತುಂಬಿಸುತ್ತಾರೆ. ಸುತ್ತ ಮುರಕಲ್ಲಿನ ಕಾಂಪೌಂಡು ಏಳುತ್ತದೆ. ಆ ಜಾಗದ ಮೂಲೆಯಲ್ಲಿ ಒಂದು ಕಂಡಿ ಇತ್ತು, ಮೇಲಿನ ನಾಲ್ಕು ಗದ್ದೆಗಳ ನೀರು ಅದರಲ್ಲಿ ಹಾದು ತೋಡಿಗೆ ಹೋಗುತ್ತಿತ್ತು ಎನ್ನುವುದು ಗುತ್ತಿಗೆದಾರನಿಗೆ ಗೊತ್ತಿರುವುದಿಲ್ಲ, ಗೊತ್ತಿದ್ದರೂ ಹೇಳುವುದಿಲ್ಲ. ಮೊದಲ ಮಳೆಗಾಲದಲ್ಲಿ ಮೇಲಿನ ಗದ್ದೆಗಳಲ್ಲಿ ನೀರು ಕಟ್ಟಿಕೊಂಡು ನೇಜಿ ಕೊಳೆಯುತ್ತದೆ. ಪಕ್ಕದವರು ಬಂದು ಕೇಳಿದರೆ ಮನೆಯವರು ಕನ್ವರ್ಷನ್ ಕಾಗದ ತೋರಿಸುತ್ತಾರೆ. ಕಾಗದ ಸರಿಯಾಗಿಯೇ ಇರುತ್ತದೆ. ನಮ್ಮ ಬೈಲಿನ ಮೇಲಿನ ತಲೆಯಲ್ಲಿ ಉಳುಮೆ ಮಾಡುವ ಹಿರಿಯರೊಬ್ಬರು ಇಂಥದೊಂದು ಗೋಡೆಯ ಮುಂದೆ ನಿಂತು ಆಡಿದ ಮಾತು ನನಗೆ ಕಾನೂನಿನ ಪುಸ್ತಕಕ್ಕಿಂತ ಸ್ಪಷ್ಟವಾಗಿ ಕೇಳಿಸಿತು: ‘ನಿಮ್ಮ ಜಾಗ ನಿಮಗೇ ಇರ್ಲಿ ಮಾರಾಯ್ರೇ, ನಮಗೆ ಒಂದು ಸೆಂಟ್ಸೂ ಬೇಡ. ನೀರಿಗೆ ಹೋಗ್ಲಿಕ್ಕೆ ದಾರಿ ಮಾತ್ರ ಬಿಡಿ.’

ಕಾನೂನು ಕೂಡ ಅವರ ಪರವೇ ಇದೆ. 1882ರ ಈಸ್‌ಮೆಂಟ್ ಕಾಯ್ದೆಯ ಏಳನೆಯ ಕಲಮು ಜಮೀನಿನ ಒಡೆಯನಿಗೆ ಸಹಜವಾಗಿಯೇ ಇರುವ ಹಕ್ಕುಗಳನ್ನು ಉದಾಹರಣೆಗಳ ಮೂಲಕ ವಿವರಿಸುತ್ತದೆ. ಅವುಗಳಲ್ಲೊಂದು ಹೀಗಿದೆ: ಮೇಲಿನ ಜಮೀನಿನಲ್ಲಿ ತಾನಾಗಿ ಹುಟ್ಟುವ ಅಥವಾ ಬೀಳುವ ನೀರು ತನ್ನ ಸಹಜ ಇಳಿಜಾರಿನಲ್ಲಿ ಹರಿದು ಬರುವುದಕ್ಕೆ ಕೆಳಗಿನ ಜಮೀನಿನವನು ಎಡೆ ಕೊಡಬೇಕು. ಮನೆಯ ಎದುರಿನ ನೋಟ ಹೀಗೆಯೇ ಇರಬೇಕು ಎಂಬ ಹಕ್ಕನ್ನು ಮಾತ್ರ ಕಾನೂನು ಯಾರಿಗೂ ಸಹಜವಾಗಿ ಕೊಟ್ಟಿಲ್ಲ. ನಾಳೆ ಎದುರಿನ ಗದ್ದೆಯವರು ತೆಂಗು ನೆಟ್ಟರೆ, ಅಡಿಕೆ ಹಾಕಿದರೆ, ಕಾನೂನಿನ ಪ್ರಕಾರ ಅನುಮತಿ ಪಡೆದು ಮೂರಂತಸ್ತಿನ ಕಟ್ಟಡ ಎಬ್ಬಿಸಿದರೆ ‘ನನ್ನ ಹಸಿರು ಹೋಯಿತು’ ಎಂದು ಕೋರ್ಟಿಗೆ ಹೋಗಲು ನಮಗೆ ಆಧಾರವಿಲ್ಲ. ನೀರಿಗೆ ದಾರಿ ಬಿಡುವುದು ನಮ್ಮ ಮೇಲಿರುವ ಬಾಧ್ಯತೆ. ನೋಟ ನಮಗೆ ಸಿಕ್ಕಿರುವ ಉಪಕಾರ. ಹೊಸಬರಲ್ಲಿ ಬಹಳ ಮಂದಿ ಇದನ್ನು ತಲೆಕೆಳಗು ಮಾಡಿಕೊಂಡಿದ್ದಾರೆ ಎನ್ನುವುದೇ ನನ್ನ ಕಳವಳ.

ಮಣ್ಣು ತುಂಬಿಸುವುದು ಎದ್ದು ಕಾಣುವ ಅನ್ಯಾಯ. ಕಾಣದ ಎರಡು ಇವೆ.

ಒಂದು, ಶೌಚದ ಗುಂಡಿ. ಬೈಲಿನಲ್ಲಿ ಮಳೆಗಾಲದ ಅಂತರ್ಜಲ ನೆಲದಿಂದ ಒಂದೆರಡು ಅಡಿಯಲ್ಲೇ ಇರುತ್ತದೆ, ಕೆಲವು ದಿನ ನೆಲದ ಮಟ್ಟಕ್ಕೇ ಬರುತ್ತದೆ. ಅಲ್ಲಿ ತೋಡಿದ ಇಂಗುಗುಂಡಿಯಲ್ಲಿ ಏನೂ ಇಂಗುವುದಿಲ್ಲ. ಅದು ತುಂಬಿ ಹೊರಗೆ ಬರುತ್ತದೆ, ಬಂದದ್ದು ಪಕ್ಕದ ಗದ್ದೆಯ ನೀರಿಗೆ ಸೇರುತ್ತದೆ. ಆ ನೀರಿನಲ್ಲಿ ಬರಿಗಾಲಲ್ಲಿ ನಿಂತು, ಬೆನ್ನು ಬಗ್ಗಿಸಿ, ಮೊಣಕೈವರೆಗೆ ಕೈಯಿಳಿಸಿ ನೇಜಿ ನೆಡುವ ಹೆಂಗಸರಿಗೆ ಇಲಿಜ್ವರದ ಭಯ ಹೇಗೂ ಇದ್ದೇ ಇದೆ. ಅದರ ಮೇಲೆ ನಮ್ಮ ಮನೆಯ ಹೊಲಸನ್ನೂ ಅವರ ಕಾಲಿಗೆ ಹರಿಯಬಿಡುವುದನ್ನು ಏನೆಂದು ಕರೆಯಬೇಕು? ಬೈಲಿನಲ್ಲಿ ಮನೆ ಕಟ್ಟುವುದೇ ಆದರೆ ನೀರು ಸೋರದ ಸಿಮೆಂಟಿನ ಟ್ಯಾಂಕು ಕಟ್ಟಿಸಿ, ತುಂಬಿದಾಗ ಗಾಡಿ ಕರೆಸಿ ಖಾಲಿ ಮಾಡಿಸುವ ಖರ್ಚನ್ನು ಮನೆಯ ಖರ್ಚಿನಲ್ಲೇ ಸೇರಿಸಿಕೊಳ್ಳಬೇಕು. ಇದರಲ್ಲಿ ರಾಜಿಗೆ ಜಾಗವಿಲ್ಲ.

ಇನ್ನೊಂದು, ದೀಪ. ಭತ್ತ ಮೂಲತಃ ಹಗಲು ಕಿರಿದಾಗುತ್ತ ಬಂದಾಗ ತೆನೆ ಹೊರಡಿಸುವ ಗಿಡ. ರಾತ್ರಿಯ ಕತ್ತಲೆಯ ಉದ್ದವನ್ನು ಅಳೆದು ಅದು ತನ್ನ ಕಾಲ ತಿಳಿಯುತ್ತದೆ. ರಾತ್ರಿಯೆಲ್ಲ ಬೆಳಕು ಬಿದ್ದರೆ ಆ ಅಳತೆ ತಪ್ಪುತ್ತದೆ, ತೆನೆ ತಡವಾಗುತ್ತದೆ. ಬೀದಿದೀಪದ ಹತ್ತಿರದ ಸಾಲುಗಳಲ್ಲಿ ಹೀಗಾಗುವುದನ್ನು ಜಪಾನ್, ಕೊರಿಯಾಗಳಲ್ಲಿ ಅಳೆದು ನೋಡಿದ್ದಾರೆ. ಹಳೆಯ ತಳಿಗಳಲ್ಲಿ ಈ ಗುಣ ಹೆಚ್ಚು, ಹೊಸ ತಳಿಗಳಲ್ಲಿ ಕಡಿಮೆ. ಆದರೆ ಯಾವ ತಳಿಯಾದರೂ ಬೆಳಕಿಗೆ ಹಾರಿ ಬರುವ ಕಂದು ಜಿಗಿಹುಳು, ಕಾಂಡ ಕೊರಕದ ಪತಂಗ ಇವುಗಳಿಂದ ತಪ್ಪಿಸಿಕೊಳ್ಳಲಾರದು. ಈ ಹುಳುಗಳನ್ನು ಹಿಡಿಯಲು ರೈತರು ಇಡುವುದೇ ದೀಪದ ಬಲೆ. ಕಳ್ಳರ ಹೆದರಿಕೆಗೆ ಕಾಂಪೌಂಡಿನ ನಾಲ್ಕು ಮೂಲೆಯಲ್ಲಿ ರಾತ್ರಿಯಿಡೀ ಉರಿಯುವ ಬಿಳಿ ಎಲ್‌ಇಡಿ ಹಾಕಿಸಿದವರು ಗದ್ದೆಯ ಮಗ್ಗುಲಲ್ಲಿ ಬಲೆಯಿಲ್ಲದ ದೀಪವನ್ನು ಇಟ್ಟಿದ್ದಾರೆ. ಬೆಳಕನ್ನು ಅಂಗಳದ ಕಡೆ ತಿರುಗಿಸಿ, ಮೇಲೊಂದು ಮುಚ್ಚಳ ಹಾಕಿ, ಜನ ಓಡಾಡಿದಾಗ ಮಾತ್ರ ಉರಿಯುವ ಸೆನ್ಸರ್ ಜೋಡಿಸುವುದಕ್ಕೆ ತಗಲುವ ಖರ್ಚು ಅಲ್ಪ. ಏಣೆಲು ತೆನೆ ಬಿಡುವ ಸೆಪ್ಟೆಂಬರಿನ ಸುತ್ತಿನ ದಿನಗಳಲ್ಲಾದರೂ ಇದನ್ನು ಮಾಡಬೇಕು.

ಇನ್ನು ಹೊಸಬರ ದೂರುಗಳು. ಕಪ್ಪೆಗಳ ಗಲಾಟೆಯಲ್ಲಿ ನಿದ್ದೆ ಬರುವುದಿಲ್ಲ, ಬೆಳಗಿನ ಐದಕ್ಕೇ ಟಿಲ್ಲರ್ ಸದ್ದು, ಸೆಗಣಿ ಗೊಬ್ಬರದ ವಾಸನೆ, ಹಂದಿ ನವಿಲು ಓಡಿಸಲು ಹೊಡೆಯುವ ಗರ್ನಲ್ಲು ಪಟಾಕಿ, ಅಂಗಳಕ್ಕೆ ಬರುವ ಕೇರೆಹಾವು. ಇದು ನಮ್ಮೂರಿನ ಕಥೆಯೊಂದೇ ಅಲ್ಲ. ಫ್ರಾನ್ಸಿನ ಒಲೆರೋನ್ ದ್ವೀಪದಲ್ಲಿ ಮಾರಿಸ್ ಎಂಬ ಹುಂಜ ಮುಂಜಾನೆ ಕೂಗುತ್ತದೆಂದು ರಜೆ ಕಳೆಯಲು ಬರುವ ನೆರೆಯವರು ಮೊಕದ್ದಮೆ ಹೂಡಿದರು. 2019ರಲ್ಲಿ ನ್ಯಾಯಾಲಯ ಹುಂಜದ ಒಡತಿಯ ಪರವಾಗಿ ತೀರ್ಪಿತ್ತಿತು. ಅಂಥ ಜಗಳಗಳ ಹಿನ್ನೆಲೆಯಲ್ಲೇ 2021ರ ಜನವರಿಯಲ್ಲಿ ಆ ದೇಶ ಹಳ್ಳಿಗಾಡಿನ ಸದ್ದು ಮತ್ತು ವಾಸನೆಗಳನ್ನು ಅಲ್ಲಿಯ ಪರಂಪರೆಯ ಭಾಗವೆಂದು ಕಾನೂನಿನಲ್ಲಿ ಬರೆಯಿತು. ಅಮೆರಿಕದ ಐವತ್ತು ರಾಜ್ಯಗಳಲ್ಲೂ, ಮೊದಲಿನಿಂದ ನಡೆದುಬಂದ ಬೇಸಾಯವನ್ನು ಆಮೇಲೆ ಬಂದ ನೆರೆಯವರ ದೂರಿನಿಂದ ಕಾಪಾಡುವ ಕಾನೂನುಗಳಿವೆ. ಇವುಗಳ ಹಿಂದಿರುವ ತತ್ವ ನನಗೆ ಬಹುಪಾಲು ಒಪ್ಪಿಗೆ. ಕಪ್ಪೆ ಇದ್ದಲ್ಲಿಗೆ ನಾವು ಬಂದಿದ್ದೇವೆ. ಮೊದಲ ಮಳೆಗೆ ಹಳದಿ ಬಣ್ಣ ತಾಳಿ ಕೂಗುವ ಗಂಡು ಗೂಳಿಕಪ್ಪೆಗಳೂ ಅವುಗಳ ಸಣ್ಣ ಬಳಗದವೂ ಹುಳ ತಿಂದು ಬದುಕುವ ಜೀವಿಗಳು; ಕೇರೆಹಾವು ಇಲಿ ಹಿಡಿಯುತ್ತದೆ. ಇವೆರಡೂ ಹೋದರೆ ರೈತನಿಗೆ ಉಳಿಯುವ ದಾರಿ ವಿಷ ಸಿಂಪಡಿಸುವುದು.

ಸೊಳ್ಳೆಯ ದೂರಿನಲ್ಲಿ ಅರ್ಧ ಸತ್ಯವಿದೆ. ಗದ್ದೆಯ ನೀರಿನಲ್ಲಿ ಹುಟ್ಟುವ ಕ್ಯೂಲೆಕ್ಸ್ ಜಾತಿಯ ಸೊಳ್ಳೆ ಮಿದುಳುಜ್ವರ ಹರಡಬಲ್ಲದು, ಅದನ್ನು ಹಗುರವಾಗಿ ಕಾಣಬಾರದು. ಆದರೆ ಈ ಜಿಲ್ಲೆಗಳಲ್ಲಿ ಪ್ರತಿ ಮಳೆಗಾಲವೂ ಕಾಡುವ ಡೆಂಗಿ ಗದ್ದೆಯಿಂದ ಬರುವುದಿಲ್ಲ. ಅದರ ಸೊಳ್ಳೆ ಹುಟ್ಟುವುದು ಹೂಕುಂಡದ ತಟ್ಟೆ, ತೆಂಗಿನ ಚಿಪ್ಪು, ಹಳೆಯ ಟೈರು, ಮುಚ್ಚದ ಟ್ಯಾಂಕು ಇಂಥ ಕಡೆ ನಿಂತ ತಿಳಿನೀರಿನಲ್ಲಿ. ಹೂಕುಂಡಗಳೂ ಟ್ಯಾಂಕುಗಳೂ ಹೆಚ್ಚಿರುವುದು ಯಾರ ಮನೆಯಲ್ಲಿ ಎಂದು ಬೈಲನ್ನು ದೂರುವ ಮುಂಚೆ ನೋಡಿಕೊಳ್ಳುವುದು ನ್ಯಾಯ.

ಹೊಸಬರ ಒಂದು ದೂರನ್ನು ಮಾತ್ರ ನಾನು ಗಟ್ಟಿಯಾಗಿ ಎತ್ತಿ ಹಿಡಿಯುತ್ತೇನೆ. ಅದು ಕಳೆನಾಶಕ, ಕೀಟನಾಶಕಗಳದು. ಗಾಳಿಯ ದಿನ ಸಿಂಪಡಿಸಿದ ಔಷಧಿ ಅಂಚಿನಲ್ಲಿ ನಿಲ್ಲುವುದಿಲ್ಲ. ಮನೆಯೊಳಗೆ ಬರುತ್ತದೆ, ಬಾವಿಗೂ ಇಳಿಯುತ್ತದೆ. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದು ಕೊಕ್ಕಡದ ಸುತ್ತ, ಗಡಿಯಾಚೆ ಕಾಸರಗೋಡಿನಲ್ಲಿ ಎಷ್ಟು ಮನೆಗಳು ಎಂಥ ಮಕ್ಕಳನ್ನು ಸಾಕಬೇಕಾಯಿತು ಎಂಬುದು ಈ ಕರಾವಳಿಗೆ ಗೊತ್ತಿದೆ. 2011ರಲ್ಲಿ ಸುಪ್ರೀಂ ಕೋರ್ಟು ತಡೆ ಹಾಕುವ ಹೊತ್ತಿಗೆ ಒಂದು ತಲೆಮಾರು ನರಳಿತ್ತು. ಹಾಗಾಗಿ ‘ನೀವು ಮೊನ್ನೆ ಬಂದವರು, ಸುಮ್ಮನಿರಿ’ ಎಂಬ ಉತ್ತರ ವಿಷದ ವಿಷಯದಲ್ಲಿ ಸಲ್ಲದು. ಸದ್ದು, ವಾಸನೆ, ಕೆಸರು ಬೇಸಾಯದ ಜೊತೆ ಹುಟ್ಟಿದವು, ಅವನ್ನು ಸಹಿಸಬೇಕು. ನೆರೆಯವರ ದೇಹಕ್ಕೆ ಇಳಿಯುವ ವಿಷವನ್ನು ಹಳಬರೂ ಸಹಿಸಬೇಕಾಗಿಲ್ಲ, ಹೊಸಬರೂ ಸಹಿಸಬೇಕಾಗಿಲ್ಲ. ಆದರೆ ಆ ಔಷಧಿ ಹೊಡೆಯುವವನ ಮುಖಕ್ಕೂ ಸರಿಯಾದ ಮುಸುಕಿಲ್ಲ ಎನ್ನುವುದನ್ನು ಕಂಡು ಮಾತು ಶುರು ಮಾಡಿದರೆ ಆ ಮಾತು ಜಗಳವಾಗದೆ ಮುಂದುವರಿಯುತ್ತದೆ.

ಇಷ್ಟು ಹೇಳಿದಾಗ ಒಂದು ಬಲವಾದ ಎದುರುಮಾತು ಬರುತ್ತದೆ, ಬರಲೇಬೇಕು. ಗದ್ದೆ ಮಾರುವವರು ಗದ್ದೆಯವರೇ ತಾನೆ? ಯಾರೂ ಕೊಳ್ಳದಿದ್ದರೂ ಅದು ಉಳುಮೆಯಿಲ್ಲದೆ ಹಡಿಲು ಬೀಳುತ್ತಿತ್ತು. ಪೇಟೆಯಿಂದ ಬಂದವರ ಕಣ್ಣಿಗೆ ಹಸಿರು ಬೇಕೆಂದು ರೈತ ನಷ್ಟದಲ್ಲಿ ಉಳುತ್ತಲೇ ಇರಬೇಕೆ?

ಖಂಡಿತ ಇರಬೇಕಾಗಿಲ್ಲ. ಇಲ್ಲಿಯ ಲೆಕ್ಕವನ್ನು ಕೂಡಿ ನೋಡಿದವರಿಗೆ ಗದ್ದೆ ಮಾರಿದವರ ಮೇಲೆ ಸಿಟ್ಟು ಬರುವುದಿಲ್ಲ. 2025-26ರ ಮುಂಗಾರು ಹಂಗಾಮಿಗೆ ಸಾಮಾನ್ಯ ಭತ್ತದ ಬೆಂಬಲ ಬೆಲೆ ಕ್ವಿಂಟಲಿಗೆ 2,369 ರೂಪಾಯಿ. ಒಂದು ಎಕರೆಗೆ ಇಪ್ಪತ್ತು ಕ್ವಿಂಟಲ್ ಬಂತೆಂದು ಇಟ್ಟುಕೊಳ್ಳಿ, ಅದು ಒಳ್ಳೆಯ ಬೆಳೆಯೇ. ಒಟ್ಟು 47,380 ರೂಪಾಯಿ. ಮನೆ ಸೈಟನ್ನು ಸೆಂಟ್ಸ್ ಲೆಕ್ಕದಲ್ಲಿ ಮಾರುವ ಊರಿನಲ್ಲಿ ಇದನ್ನೂ ಸೆಂಟ್ಸಿಗೆ ಇಳಿಸಿದರೆ, ಒಂದು ಬೆಳೆಗೆ ಸೆಂಟ್ಸಿಗೆ 474 ರೂಪಾಯಿ. ಇದರಲ್ಲಿ ಉಳುವ ಟಿಲ್ಲರ್, ನಾಟಿಯ ಸಂಬಳ, ಗೊಬ್ಬರ, ಕಟಾವು ಯಂತ್ರದ ಗಂಟೆ ಬಾಡಿಗೆ ಎಲ್ಲ ಕಳೆಯಬೇಕು. ಅದೇ ಒಂದು ಸೆಂಟ್ಸನ್ನು ರಸ್ತೆ ಬದಿಯಲ್ಲಿ ಮನೆಗೆಂದು ಕೊಟ್ಟರೆ ಬೆಲೆಯ ಮಾತು ಲಕ್ಷದಲ್ಲಿ ನಡೆಯುತ್ತದೆ. ಈ ಎರಡು ಅಂಕಿಗಳ ನಡುವಿನ ದೂರವನ್ನು ಉಪದೇಶದಿಂದ ತುಂಬಲಾಗದು.

ಈ ಗದ್ದೆಗಳಲ್ಲಿ ಬಹಳಷ್ಟು 1974ರ ಭೂಸುಧಾರಣೆಯಲ್ಲಿ ಗೇಣಿದಾರರ ಹೆಸರಿಗೆ ಬಂದವು. ‘ಡಿಕ್ಲರೇಷನ್ ಆದ ಜಾಗ’ ಎಂದು ಜನ ಇಂದಿಗೂ ಗೌರವದಿಂದ ಹೇಳುತ್ತಾರೆ. ಧಣಿಯ ಮನೆಗೆ ಗೇಣಿ ಅಕ್ಕಿ ಅಳೆದು ಕೊಟ್ಟು ಬಂದ ಕುಟುಂಬಗಳಿಗೆ ಅದು ಬರಿಯ ನೆಲ ಸಿಕ್ಕ ಸಂಗತಿಯಾಗಿರಲಿಲ್ಲ, ತಲೆ ಎತ್ತಿ ನಿಲ್ಲುವ ಸಂಗತಿ. ಆ ನೆಲದ ಆಧಾರದಲ್ಲಿ ಮಕ್ಕಳು ಓದಿದರು, ಮುಂಬೈ ಗಲ್ಫುಗಳಿಗೆ ಹೋದರು. ಮನೆಯಲ್ಲಿ ವಯಸ್ಸಾದವರು ಉಳಿದರು, ಗದ್ದೆ ಹಡಿಲು ಬಿತ್ತು. 2021ರಲ್ಲಿ ಉಡುಪಿಯಲ್ಲಿ ಹಡಿಲು ಭೂಮಿಯನ್ನು ಮತ್ತೆ ಬೇಸಾಯಕ್ಕೆ ತರುವ ಆಂದೋಲನವೇ ನಡೆಯಬೇಕಾಯಿತು ಎಂದರೆ ಸಮಸ್ಯೆ ಎಷ್ಟು ಹರಡಿತ್ತೆಂದು ಊಹಿಸಬಹುದು. ಬ್ರಹ್ಮಾವರದ ಕೃಷಿ ಸಂಶೋಧನಾ ಕೇಂದ್ರ ನೆರೆ ತಡೆಯುವ ಸಹ್ಯಾದ್ರಿ ಪಂಚಮುಖಿಯಂಥ ಕೆಂಪಕ್ಕಿ ತಳಿಗಳನ್ನು ಬೈಲಿಗೆಂದೇ ಕೊಟ್ಟಿದೆ. ತಳಿ ಇದೆ, ಯಂತ್ರ ಇದೆ, ಲೆಕ್ಕ ಕೂಡುತ್ತಿಲ್ಲ.

ಹಾಗಾದರೆ ಆ ಲೆಕ್ಕದಲ್ಲಿ ಬರೆಯದೆ ಬಿಟ್ಟದ್ದು ಏನು? ಬೈಲು ಹಿಡಿದ ಮಳೆ, ತುಂಬಿಸಿದ ಬಾವಿ, ಹೆಚ್ಚಿಸಿದ ಸೈಟಿನ ಬೆಲೆ. ಇವುಗಳ ಲಾಭ ಪಡೆಯುವವರಲ್ಲಿ ಹೊಸ ಮನೆಯವರು ಮುಂದಿನ ಸಾಲಿನವರು. ಗದ್ದೆ ಎದುರಿಗಿದೆಯೆಂದು ಅವರು ಜಾಗಕ್ಕೆ ಹೆಚ್ಚು ದುಡ್ಡು ಕೊಟ್ಟಿದ್ದಾರೆ. ಆ ಹೆಚ್ಚಿನ ದುಡ್ಡು ಹೋದದ್ದು ಜಾಗ ಮಾರಿದವರಿಗೆ, ದಲ್ಲಾಳಿಗೆ. ಎದುರಿನ ಗದ್ದೆಯನ್ನು ಹಸಿರಾಗಿ ಇಟ್ಟವರಿಗೆ ಒಂದು ಬಿಡಿಗಾಸೂ ಹೋಗಲಿಲ್ಲ. ಈ ಅನ್ಯಾಯವನ್ನು ಸರಿಪಡಿಸುವ ಕೆಲಸ ನೆರೆಯವರಿಂದಲೇ ಶುರುವಾಗಬಹುದು. ಎದುರಿನ ಗದ್ದೆಯ ಕುಚ್ಚಲಕ್ಕಿಯನ್ನು ಅಂಗಡಿಯ ಬೆಲೆಗಿಂತ ಹೆಚ್ಚು ಕೊಟ್ಟು ವರ್ಷಕ್ಕಾಗುವಷ್ಟು ಕೊಳ್ಳುವುದು, ನೇಜಿ ಹಾಕುವ ಮುಂಚೆಯೇ ಅದರ ಅರ್ಧ ಮುಂಗಡ ಕೊಡುವುದು ನಾನು ಕಂಡ ನೇರವಾದ ದಾರಿ. ಒಂದು ಮನೆ ಹೀಗೆ ಮಾಡಿದರೆ ಅದು ಸ್ನೇಹ. ಬೈಲಿನ ಸುತ್ತ ಹದಿನೈದು ಮನೆ ಮಾಡಿದರೆ ಬೇಸಾಯ ಮುಂದುವರಿಸುವುದೋ ಬೇಡವೋ ಎಂದು ಅನುಮಾನಿಸುತ್ತಿರುವವರ ತೀರ್ಮಾನ ಬದಲಾಗುತ್ತದೆ.

ಸರ್ಕಾರವೂ ಮಾಡಬಹುದಾದದ್ದಿದೆ, ಪಕ್ಕದ ರಾಜ್ಯ ಮಾಡಿ ತೋರಿಸಿದೆ. ಕೇರಳ 2008ರಲ್ಲಿ ಗದ್ದೆ ಮತ್ತು ತೇವಭೂಮಿಗಳ ಸಂರಕ್ಷಣೆಗೆಂದೇ ಕಾನೂನು ತಂದಿತು. 2020-21ರಿಂದ ಗದ್ದೆಯನ್ನು ಗದ್ದೆಯಾಗಿಯೇ ಇಟ್ಟವರಿಗೆ ಹೆಕ್ಟೇರಿಗೆ ವರ್ಷಕ್ಕೆ 2,000 ರೂಪಾಯಿಯ ಗೌರವಧನ ಕೊಡಲು ಶುರುಮಾಡಿತು. ಮೊತ್ತ ಚಿಕ್ಕದು, ಯಾರ ಸಾಲವೂ ಅದರಿಂದ ತೀರದು. ಆದರೆ ಗದ್ದೆ ನೀರನ್ನು ಕಾಯುತ್ತದೆ, ಆ ಕೆಲಸಕ್ಕೆ ಕೂಲಿ ಸಲ್ಲಬೇಕು ಎಂದು ಒಂದು ಸರ್ಕಾರ ಬಜೆಟ್ಟಿನಲ್ಲಿ ಒಪ್ಪಿಕೊಂಡದ್ದು ದೊಡ್ಡ ಹೆಜ್ಜೆ. ಕೇಂದ್ರದ ನಿಯಮಗಳು ಇದಕ್ಕೆ ತಿರುಗುಮುರುಗು. 2008ರಲ್ಲಿ ದಕ್ಷಿಣ ಕೊರಿಯಾದ ಚಾಂಗ್ವಾನಿನಲ್ಲಿ ನಡೆದ, ತೇವಭೂಮಿಗಳ ಕುರಿತ ಅಂತರರಾಷ್ಟ್ರೀಯ ರಾಮ್ಸಾರ್ ಒಪ್ಪಂದದ ಸಮ್ಮೇಳನ ಭತ್ತದ ಗದ್ದೆಗಳನ್ನು ಜೀವವೈವಿಧ್ಯದ ತೇವಭೂಮಿಗಳೆಂದು ಗುರುತಿಸಿ ನಿರ್ಣಯ ಮಾಡಿತು. ಆದರೆ ನಮ್ಮ 2017ರ ತೇವಭೂಮಿ ನಿಯಮಗಳು ಭತ್ತದ ಗದ್ದೆಯನ್ನು ತೇವಭೂಮಿಯ ವ್ಯಾಖ್ಯೆಯಿಂದಲೇ ಹೊರಗಿಟ್ಟವು. ಕರ್ನಾಟಕದಲ್ಲಿ 2020ರ ತಿದ್ದುಪಡಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು ತೆಗೆದುಹಾಕಿತು. ಅಲ್ಲಿಯವರೆಗೆ ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳಲು ಇದ್ದ ತಡೆ ಹೋಯಿತು. ಕೊಳ್ಳಲು ಬಾಗಿಲು ತೆರೆದ ಸರ್ಕಾರ, ಕೊಂಡವರು ನೀರಿನ ದಾರಿಗೆ ಏನು ಮಾಡಬೇಕೆಂದು ಜೊತೆಯಲ್ಲೇ ಹೇಳಬೇಕಿತ್ತು.

ಗದ್ದೆ ಒಳಿತಿನ ಗಣಿಯೆಂದು ನಾನು ಹೇಳುತ್ತಿಲ್ಲ. ನೀರು ನಿಂತ ಕೆಸರಿನಿಂದ ಮೀಥೇನ್ ಏಳುತ್ತದೆ, ಅದು ಭೂಮಿಯನ್ನು ಬಿಸಿಮಾಡುವ ಅನಿಲ. ನಡುನಡುವೆ ನೀರು ಬಸಿದು ಗದ್ದೆ ಒಣಗಲು ಬಿಟ್ಟು ಮತ್ತೆ ಕಟ್ಟುವ ಪದ್ಧತಿಯಿಂದ ಮೀಥೇನ್ ಇಳಿಯುತ್ತದೆ. ಆದರೆ ಬೇಕಾದಾಗ ಬಸಿಯಬೇಕಾದರೆ ಕಂಡಿಯೂ ತೋಡೂ ತೆರೆದಿರಬೇಕು. ಕಾಂಪೌಂಡುಗಳ ನಡುವೆ ಸಿಕ್ಕಿಬಿದ್ದ ಗದ್ದೆಗೆ ಬಸಿಯುವ ಸ್ವಾತಂತ್ರ್ಯವೂ ಇಲ್ಲ.

ಊರಿನವರು ಹೊಸಬರನ್ನು ದೂರ ಇಟ್ಟಿದ್ದಾರೆ ಎಂಬ ಮಾತನ್ನೂ ಕೇಳಿದ್ದೇನೆ. ನನ್ನ ಅನುಭವ ಬೇರೆ. ಹೊಸ ಬೆಳೆಯ ಹಬ್ಬವಾದ ಹೊಸ್ತಿನ ದಿನ ಇಲ್ಲಿ ಗದ್ದೆಯಿಂದ ತೆನೆ ತಂದು ಮನೆಯಲ್ಲಿ ಕಟ್ಟುತ್ತಾರೆ. ಕ್ರೈಸ್ತರ ಮನೆಗಳಲ್ಲಿ ಸೆಪ್ಟೆಂಬರ್ 8ರ ಮೊಂತಿ ಹಬ್ಬದಂದು ಇಗರ್ಜಿಯಲ್ಲಿ ಆಶೀರ್ವದಿಸಿದ ತೆನೆಯ ಕಾಳನ್ನು ಊಟಕ್ಕೆ ಸೇರಿಸುತ್ತಾರೆ. ಗದ್ದೆಯಿಲ್ಲದವರು ಗದ್ದೆಯಿದ್ದವರನ್ನು ಕೇಳಿ ನಾಲ್ಕು ತೆನೆ ಕೊಯ್ದುಕೊಳ್ಳುವುದು ಹಿಂದಿನಿಂದ ಬಂದ ರೂಢಿ. ಕೇಳಿದರೆ ಯಾರೂ ಇಲ್ಲವೆನ್ನುವುದಿಲ್ಲ. ಕೇಳಲು ಅಂಗಳ ದಾಟಿ ಹೋಗಬೇಕು, ಅಷ್ಟೆ.

ಹಾಗೆ ದಾಟಿ ಹೋದವರಿಗೆ ಮುಂದಿನ ಕೆಲಸ ತಾನಾಗಿ ಕಾಣುತ್ತದೆ: ಕಟ್ಟ. ಏಣೆಲು ಕೊಯ್ಲಾದ ಮೇಲೆ, ನವೆಂಬರ್ ಡಿಸೆಂಬರಿನಲ್ಲಿ, ಊರಿನವರು ಸೇರಿ ತೋಡಿಗೆ ಅಡ್ಡಲಾಗಿ ಕಲ್ಲು, ಮಣ್ಣು, ಅಡಿಕೆ ಮರದ ದಬ್ಬೆಗಳಿಂದ ಕಟ್ಟ ಹಾಕುತ್ತಿದ್ದರು. ಸುಗ್ಗಿಗೂ ಕೊಳಕೆಗೂ ಅದರದೇ ನೀರು. ಈಗ ಹಲವು ಕಡೆ ಸರ್ಕಾರದ ಕಿಂಡಿ ಅಣೆಕಟ್ಟುಗಳಿವೆ, ಹಲಗೆ ಹಾಕುವವರಿಲ್ಲ. ಹೊತ್ತಿಗೆ ಸರಿಯಾಗಿ ಹಲಗೆ ಹಾಕದಿದ್ದರೆ ನೀರು ಸಮುದ್ರ ಸೇರುತ್ತದೆ, ಹೊಳೆಯ ಬಾಯಿಗೆ ಹತ್ತಿರದ ಊರುಗಳಲ್ಲಿ ಉಪ್ಪು ನೀರು ಮೇಲಕ್ಕೇರಿ ಬಾವಿಗೂ ಬರುತ್ತದೆ. ಮೇ ತಿಂಗಳಲ್ಲಿ ಹಲಗೆ ತೆಗೆಯದಿದ್ದರೆ ಮಳೆಗಾಲದಲ್ಲಿ ಎರಡೂ ದಂಡೆ ಕೊರೆದುಹೋಗುತ್ತದೆ. ಬೇಸಾಯ ಮಾಡುವ ನಾಲ್ಕೈದು ಮನೆಗಳಷ್ಟೇ ಉಳಿದ ಬೈಲಿನಲ್ಲಿ ಈ ಕೆಲಸಕ್ಕೆ ಕೈ ಸಾಲದು. ಬಾವಿಯ ನೀರು ಕುಡಿಯುವ ಎಲ್ಲ ಮನೆಗಳೂ ಇದಕ್ಕೆ ಹಣವನ್ನಾಗಲಿ ಆಳನ್ನಾಗಲಿ ಕೊಡಬೇಕು. ಮಳೆಗೆ ಮುಂಚೆ ತೋಡಿನ ಹೂಳು ತೆಗೆಸುವ ಖರ್ಚಿಗೂ ಇದೇ ನ್ಯಾಯ.

ನಮ್ಮ ಬೈಲಿನಲ್ಲಿ ಈ ಮಾತು ಶುರುವಾಗಿದೆ. ಹೊಸ ಮನೆಗಳಲ್ಲಿ ಕೆಲವರು ಹೂಳಿನ ಖರ್ಚಿಗೆ ಪಾಲು ಹಾಕಲು ಒಪ್ಪಿದ್ದಾರೆ. ಕೆಲವರು ‘ನಮಗೆ ಗದ್ದೆಯೇ ಇಲ್ಲವಲ್ಲ, ನಾವೇಕೆ ಕೊಡಬೇಕು’ ಎನ್ನುತ್ತಿದ್ದಾರೆ. ಮನೆ ಕಟ್ಟಲು ಪರವಾನಗಿ ಕೊಡುವ ಮುಂಚೆ ಆ ಜಾಗದಲ್ಲಿ ಹಾದುಹೋಗುವ ಕಂಡಿ, ತೋಡುಗಳನ್ನು ಮೇಲಿನ ಮತ್ತು ಕೆಳಗಿನ ಗದ್ದೆಯವರ ಎದುರಿನಲ್ಲಿ ಗುರುತಿಸಿ ನಕ್ಷೆಯಲ್ಲಿ ಬರೆಯಬೇಕು, ಕಾಂಪೌಂಡಿನಲ್ಲಿ ಅಷ್ಟಗಲ ಮೋರಿ ಬಿಡದಿದ್ದರೆ ಪರವಾನಗಿ ಕೊಡಬಾರದು ಎಂಬ ಬೇಡಿಕೆಯನ್ನು ಬರೆದಿಟ್ಟುಕೊಂಡಿದ್ದೇವೆ. ಅದಕ್ಕೆ ಗದ್ದೆಯವರ ಸಹಿ ಬಿದ್ದಿದೆ. ಮುಂದಿನ ಗ್ರಾಮಸಭೆಗೆ ಅದು ಹೋಗುವ ಮುಂಚೆ ಹೊಸ ಮನೆಯವರ ಸಹಿಗಳೂ ಅದರ ಕೆಳಗೆ ಬೀಳಬೇಕು. ಮನೆಮನೆಗೆ ಹೋಗಿ ಕೇಳುವ ಕೆಲಸವನ್ನು ನಮ್ಮಂಥ ಹೊರಗಿನಿಂದ ಬಂದವರೇ ವಹಿಸಿಕೊಂಡಿದ್ದೇವೆ.